ಅವ್ವನ ಮಗ್ಗ, ಅಣ್ಣನ ಸಿನಿಮಾ

ಹೋದ ತಿಂಗಳು ಒಂದು ಮದುವೆಗೆಂದು ಬೆಟಗೇರಿಗೆ ಹೋಗಿದ್ದೆ. ನಮ್ಮ ಹಳೆಯ ಓಣಿಯ ಬಾಯಿಗೆ ಬರುತ್ತಿದ್ದಂತೆ ಮೂಗಿಗೆ ಗಂಜಿಯ ವಾಸನೆ ಬಡಿಯಿತು. ಉಣ್ಣುವ ಗಂಜಿಯಲ್ಲ, ನೂಲಿಗೆ ಹಚ್ಚುವ ಗಂಜಿ. ಹುಳಿ ಬಂದ ಹಿಟ್ಟು, ಒದ್ದೆ ನೂಲು, ಮುಂಜಾನೆಯ ಬಿಸಿಲು ಕೂಡಿದರೆ ಬರುವ ವಾಸನೆ ಅದು. ಆ ಓಣಿಯಲ್ಲಿ ಈಗ ಕೈಮಗ್ಗ ಉಳಿದಿರುವುದು ಎರಡೋ ಮೂರೋ. ಆದರೂ ಯಾರೋ ಒಬ್ಬರು ಹಾಸಿನ ನೂಲನ್ನು, ಎಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳನ್ನು, ಓಣಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು.

ಆ ವಾಸನೆಗೆ ನನಗೆ ಅವ್ವ ನೆನಪಾಗಬೇಕಿತ್ತು. ಇಪ್ಪತ್ತೈದು ವರ್ಷ ಆ ವಾಸನೆಯಲ್ಲೇ ದುಡಿದವಳು ಅವಳು. ಆದರೆ ಮೊದಲು ನೆನಪಾದದ್ದು ಅವರು. ಸತ್ತ ಮೇಲೂ ಎಲ್ಲರನ್ನೂ ಸರಿಸಿ ಮುಂದೆ ಬಂದು ನಿಲ್ಲುವ ಚಾಳಿ ಬಿಟ್ಟಿಲ್ಲ ನೋಡಿ. ಬದುಕಿದ್ದಾಗಲೂ ಅಷ್ಟೇ, ಯಾರ ಮನೆಯ ಫೋಟೋ ಆಗಲಿ, ನಡುವೆ ಅವರಿರಬೇಕು.

ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ. ಒಡಹುಟ್ಟಿದ ಅಣ್ಣ ಅಲ್ಲ. ನಮ್ಮ ಓಣಿ ಮುಗಿಯುವಲ್ಲಿ ಹತ್ತಿ ವ್ಯಾಪಾರಿಗಳ ದೊಡ್ಡ ಮನೆಯೊಂದಿತ್ತು, ಆ ಮನೆಯ ಒಬ್ಬನೇ ಮಗ. ನನಗಿಂತ ಐದು ವರ್ಷ ದೊಡ್ಡವರು. ಅವರಿಗೆ ತಂಗಿ ಇರಲಿಲ್ಲ, ನನಗೆ ಅಣ್ಣ ಇರಲಿಲ್ಲ. ನಾಗರಪಂಚಮಿ ಬಂತೆಂದರೆ ಅವ್ವ ಶೇಂಗಾದ ಉಂಡಿ, ಎಳ್ಳಿನ ಉಂಡಿ ಕಟ್ಟಿ ಡಬ್ಬಿ ತುಂಬಿ, ಅಣ್ಣನಿಗೆ ಕೊಟ್ಟು ಬಾ ಎಂದು ನನ್ನನ್ನು ಕಳಿಸುತ್ತಿದ್ದಳು. ಅವರು ತಮ್ಮ ಹಿತ್ತಲಿನ ಬೇವಿನ ಮರದ ಜೋಕಾಲಿಯಲ್ಲಿ ನನ್ನನ್ನು ಕೂರಿಸಿ ಜೀಕುತ್ತಿದ್ದರು. ಅಪ್ಪ ತೀರಿಹೋದ ವರ್ಷ ಓಣಿಯ ಯಾರ ಮನೆಯಲ್ಲೂ ನನ್ನನ್ನು ಹಬ್ಬಕ್ಕೆ ಕರೆಯಲಿಲ್ಲ. ಅವರು ಮಾತ್ರ ತಾವೇ ಬಂದು ಕೈ ಹಿಡಿದು ಕರೆದುಕೊಂಡು ಹೋದರು. ಇದನ್ನು ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದೆ ನಾನು ಬೈಯುವುದಷ್ಟೇ ನಿಮಗೆ ಕೇಳಿಸುತ್ತದೆ.

ರವಿವಾರ ಗದಗಿಗೆ ಹೋಗಿ ಸಿನಿಮಾ ನೋಡಿ ಬಂದು, ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಅದನ್ನು ಮೊದಲಿನಿಂದ ಕಡೆಯವರೆಗೆ ಹೇಳುತ್ತಿದ್ದರು. ಕುದುರೆ ಓಡುವ ಸಪ್ಪಳ, ಬಾಗಿಲು ಕಿರ್ರೆನ್ನುವುದು, ನಾಯಕಿಯ ಬಿಕ್ಕಳಿಕೆ ಎಲ್ಲವನ್ನೂ ಅವರ ಬಾಯಲ್ಲೇ ಕೇಳಬೇಕು. ಓಣಿಯ ಹುಡುಗರೆಲ್ಲ ಬಾಯಿ ತೆರೆದು ಕೂತಿರುತ್ತಿದ್ದೆವು. ಅವುಗಳಲ್ಲಿ ಒಂದು ಸಿನಿಮಾವನ್ನು ನಾನು ದೊಡ್ಡವಳಾದ ಮೇಲೆ ನೋಡಿದೆ. ನಾಯಕ ಅರ್ಧಕ್ಕೇ ಸತ್ತುಹೋದ. ಅಣ್ಣ ಹೇಳಿದ ಕಥೆಯಲ್ಲಿ ಅವನು ಕಡೆಯವರೆಗೂ ಇದ್ದ, ಕಡೆಗೆ ಎಲ್ಲರಿಗೂ ಬುದ್ಧಿ ಹೇಳಿ ಬೆಟ್ಟ ಹತ್ತಿ ಹೋಗಿದ್ದ. ಅರ್ಧಕ್ಕೆ ಸಾಯುವ ಪಾತ್ರ ಅವರಿಗೆ ಒಪ್ಪಿಗೆಯಾಗಿರಲಿಲ್ಲ, ಅಷ್ಟೇ. ಅವತ್ತು ನಕ್ಕುಬಿಟ್ಟೆ. ನಗಬಾರದಿತ್ತೇನೋ...

ಮುಂದೆ ಅವರು ಸಿನಿಮಾ ಕಲಿಯಲು ಪುಣೆಗೆ ಹೋದರು. ಅಲ್ಲಿಂದ ನನಗೆ ಪತ್ರ ಬರೆಯುತ್ತಿದ್ದರು. ಎಂಟೆಂಟು ಪುಟ. ತಾವು ಏನು ನೋಡಿದರು, ಏನು ಹೇಳಿದರು, ಅದಕ್ಕೆ ಮಂದಿ ಹೇಗೆ ಬೆರಗಾದರು, ತಮಗೆ ಹೇಗೆ ನಿದ್ದೆ ಬರುವುದಿಲ್ಲ. ಎಂಟನೆಯ ಪುಟದ ಕಡೆಯ ಸಾಲಿನಲ್ಲಿ ಜಾಗ ಉಳಿದಿದ್ದರೆ ‘ನೀ ಹೆಂಗದಿ?’ ಎಂದಿರುತ್ತಿತ್ತು. ಜಾಗ ಇಲ್ಲದಿದ್ದರೆ ಅದೂ ಇಲ್ಲ. ನಾನು ಆ ಪತ್ರಗಳನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ್ದೆ. ಹೊಂಬಳದ ಶಾಲೆಯಲ್ಲಿ ಟೀಚರಾಗಿ ಸೇರಿದ ಮೇಲೆ, ಬಸ್ಸಿನಲ್ಲಿ ಹೋಗುವಾಗ ಅವನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಇಷ್ಟು ದೊಡ್ಡ ಮನುಷ್ಯ ನನಗೆ ಬರೆಯುತ್ತಾರಲ್ಲ ಎಂಬ ಹಿಗ್ಗು.

ಇನ್ನು ಅವ್ವನ ಸಂಗತಿ. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ತುಳಿಯುತ್ತ ನೇಯುವುದು. ಆಗ ನಮ್ಮ ಓಣಿಯಲ್ಲಿ ಹೆಂಗಸರು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದರು, ಗಂಜಿ ಕಾಯಿಸುತ್ತಿದ್ದರು. ಕುಣಿಯಲ್ಲಿ ಇಳಿಯುವವರು ಗಂಡಸರು. ನನಗೆ ಎಂಟು ವರ್ಷವಾಗಿದ್ದಾಗ ಅಪ್ಪ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ತಿಂಗಳು ಕಳೆಯಿತು. ಒಂದು ಮುಂಜಾನೆ ಅವ್ವ ಸೆರಗು ಸಿಕ್ಕಿಸಿ ಕುಣಿಯಲ್ಲಿ ಇಳಿದು ಲಾಳಿ ಹಿಡಿದಳು. ಓಣಿಯ ಹಿರಿಯರು ಬಂದು ಬಾಗಿಲಲ್ಲಿ ನಿಂತರು. ಹೆಂಗಸು ಕುಣಿಯಲ್ಲಿ ಕೂರುವ ಪದ್ಧತಿ ಎಲ್ಲಿಯದು ಎಂದು ಕೇಳಿದರು. ಅವ್ವ ಲಾಳಿ ನಿಲ್ಲಿಸಲಿಲ್ಲ.

“ಕುಂತದ್ದು ಹೆಣ್ಣೋ ಗಂಡೋ, ಕುಣಿಗೇನ್ ಗೊತ್ತಾಗತೈತ್ರಿ?” ಎಂದಳು.

ಹಿರಿಯರು ತಿರುಗಿ ಹೋದರು. ಆ ಮಾತು ಓಣಿಯಲ್ಲಿ ಗಾದೆಯಂತೆ ನಿಂತಿತು. ಯಾರಾದರೂ ಏನಕ್ಕಾದರೂ ತಕರಾರು ಮಾಡಿದರೆ, ಕುಣಿಗೇನ್ ಗೊತ್ತು ಬಿಡು ಅನ್ನುತ್ತಿದ್ದರು.

ಮಗ್ಗದ ಬಗ್ಗೆ ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸೀರೆ ನೇಯ್ದು ಮುಗಿದಾಗ ನೇಕಾರರು ನೂಲನ್ನು ಪೂರ್ತಿ ಕತ್ತರಿಸಿ ಹಾಕುವುದಿಲ್ಲ. ಎಳೆಗಳು ಹಾಯುವ, ಬಾಚಣಿಗೆಯಂಥ ಹಣಿಗೆಯ ಮುಂದೆ ಸೀರೆಯನ್ನು ಕತ್ತರಿಸಿ ತೆಗೆಯುತ್ತಾರೆ. ಹಣಿಗೆಯ ಹಲ್ಲುಗಳಲ್ಲಿ, ಅದರ ಹಿಂದಿನ ದಾರದ ಕಣ್ಣುಗಳಲ್ಲಿ ತೂರಿಸಿದ ಎಳೆಗಳು ಗೇಣುದ್ದ ಹಾಗೇ ಉಳಿಯುತ್ತವೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ಎಳೆಗೆ ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೆಚ್ಚುತ್ತಾರೆ. ಹಳೆಯದು ಹೊಸದನ್ನು ಎಳೆದುಕೊಂಡು ಹಾಯುತ್ತದೆ. ಅಪ್ಪ ತೂರಿಸಿದ ಎಳೆಗೆ ಅವ್ವ ಕೆಚ್ಚಿದಳು, ಅದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು. ಹದಿನೆಂಟು ವರ್ಷ ನಮ್ಮ ಮಗ್ಗ ಒಮ್ಮೆಯೂ ಬರಿದಾಗಲಿಲ್ಲ. ಅಪ್ಪ ಹಾಕಿದ್ದು ಇನ್ನೂ ನಡೆದಿದೆ ಎಂದು ಅವ್ವ ಹೇಳುತ್ತಿದ್ದಳು. ಅಪ್ಪನ ಒಂದು ಫೋಟೋ ಕೂಡ ನಮ್ಮಲ್ಲಿರಲಿಲ್ಲ. ಇದ್ದದ್ದು ಇದೊಂದೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅಣ್ಣ ತಿರುಗಿ ಬಂದರು. ಗಡ್ಡ, ದಪ್ಪ ಕನ್ನಡಕ, ಹೆಗಲ ಮೇಲೆ ಕಂದು ಶಾಲು. ಅವ್ವನ ಕಥೆಯನ್ನೇ ತಮ್ಮ ಮೊದಲ ಸಿನಿಮಾ ಮಾಡುತ್ತೇನೆ, ನಮ್ಮ ಮನೆಯಲ್ಲೇ, ನಮ್ಮ ಮಗ್ಗದ ಮೇಲೇ ತೆಗೆಯುತ್ತೇನೆ ಎಂದರು. ಅವ್ವನಿಗೆ ನಾಚಿಕೆ. ನಮ್ಮಂಥವರದ್ದೇನು ಸಿನಿಮಾ ಎಂದಳು. ನಾನು ಹಟ ಹಿಡಿದು ಒಪ್ಪಿಸಿದೆ. ಅವಳು ಒಂದೇ ಷರತ್ತು ಹಾಕಿದಳು. ಏನು ಬೇಕಾದರೂ ತೆಗೆಯಲಿ, ಮಗ್ಗ ಬರಿದು ಮಾಡಬಾರದು.

ಅವ್ವನನ್ನು ಕಾಕು, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಅಣ್ಣ ಮಗ್ಗದ ಕಂಬ ಮುಟ್ಟಿ ಹೇಳಿದರು. “ಕಾಕು, ಇದಕ್ಕ ನಿಮ್ಮ ಕೈ ಬಿಟ್ಟು ಬ್ಯಾರೇ ಕೈ ಹತ್ತಂಗಿಲ್ಲ. ನನ್ನ ಮಾತು ನಂಬ್ರಿ.”

ನಂಬಿದಳು. ಉಂಡಿ ತಿಂದು ಬೆಳೆದ ಹುಡುಗ, ನಂಬದೆ ಏನು ಮಾಡುತ್ತಾಳೆ?

ಶೂಟಿಂಗ್ ಶುರುವಾಯಿತು. ಶಾಲೆಗೆ ಬೇಸಿಗೆಯ ಸೂಟಿ. ನಾಯಕಿಯಾಗಿ ಬಂದಿದ್ದ ಬೆಂಗಳೂರಿನ ಹೆಣ್ಣುಮಗಳಿಗೆ ನಮ್ಮ ಮಾತು ಕಲಿಸುವ ಕೆಲಸ ನನಗೆ ಬಂತು. ಒಳ್ಳೆಯವಳು. ಅವ್ವನ ಪಕ್ಕ ಕೂತು ಕಂಡಿಕೆ ಸುತ್ತಲು ಕಲಿತಳು, ಕುಣಿಯಲ್ಲಿ ಇಳಿದು ಕಾಲು ನೋಯುವಷ್ಟು ತುಳಿದಳು. ಅವಳಿಗೆ ಅವ್ವನ ಆ ಮಾತನ್ನು ಹತ್ತು ಸಲ ಹೇಳಿಸಿ, ಬಾಯಿಗೆ ಕೂರಿಸಿದೆ. ಹಿರಿಯರು ಬರುವ ಸೀನು ತೆಗೆಯುವ ದಿನ ನೋಡಿದರೆ ಮಾತು ಅವಳ ಬಾಯಲ್ಲಿಲ್ಲ. ಅಣ್ಣ ಕಥೆಯೊಳಗೆ ಒಬ್ಬ ಮಾಸ್ತರನನ್ನು ತಂದು ಕೂರಿಸಿದ್ದರು. ಗಡ್ಡ, ಕನ್ನಡಕ, ಕಂದು ಶಾಲು. ಎದುರುಮನೆಯ ಕಿಟಕಿಯಿಂದ ಅವಳ ಕಷ್ಟ ನೋಡಿ ಮರುಗುವವನು. ಆ ಮಾಸ್ತರ ಹಿರಿಯರೆದುರು ನಿಂತು ಅವ್ವನ ಮಾತು ಹೇಳಿದ. ಅವಳು ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡಳು.

ನಾನು ಅಣ್ಣನನ್ನು ಪಕ್ಕಕ್ಕೆ ಕರೆದು, ಇದು ಅವ್ವನ ಮಾತಲ್ಲವೇ, ಅವಳು ಅತ್ತದ್ದು ಯಾವಾಗ ಎಂದು ಕೇಳಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

“ಹುಚ್ಚಿ. ಅದನ್ನ ಅಕಿ ಅಂದ್ರ ಜಗಳ ಆಗತೈತಿ. ಅಂವ ಅಂದ್ರ ವಿಚಾರ ಆಗತೈತಿ.”

ಸಿನಿಮಾ ಓದಿ ಬಂದವರು, ಇವರಿಗೆ ತಿಳಿದಷ್ಟು ನನಗೇನು ತಿಳಿಯುತ್ತದೆ ಎಂದು ಸುಮ್ಮನಾದೆ. ಸುಮ್ಮನಾಗುವುದು ಅಲ್ಲಿಂದಲೇ ನನಗೆ ರೂಢಿಯಾಯಿತು.

ದಿನ ಕಳೆದಂತೆ ಒಂದು ಸಂಗತಿ ಕಣ್ಣಿಗೆ ಬೀಳತೊಡಗಿತು. ಅಣ್ಣನ ಸಿನಿಮಾದಲ್ಲಿ ಎಲ್ಲರೂ ಅಣ್ಣನ ಹಾಗೆ ಮಾತಾಡುತ್ತಿದ್ದರು. ಮುದುಕನಿರಲಿ, ನೀರು ತರುವ ಹೆಂಗಸಿರಲಿ, ಒಂದು ಮಾತು ಹೇಳಿ, ದೂರ ನೋಡಿ, ಉಸಿರು ಬಿಟ್ಟು, ಉಳಿದದ್ದು ಹೇಳುವುದು. ಅಣ್ಣ ಎಲ್ಲರಿಗೂ ತಾವೇ ನಟಿಸಿ ತೋರಿಸುತ್ತಿದ್ದರು, ತಮ್ಮ ಹಾಗೆ ಆಗುವವರೆಗೂ ಬಿಡುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಹಾಗೆ ಉಸಿರು ಬಿಟ್ಟು ಮಾತಾಡಿದರೆ ದಮ್ಮು ಹಿಡಿದಿದೆ ಎಂದು ಕಷಾಯ ಕುಡಿಸುತ್ತಾರೆ.

ಒಂದು ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ, ಸಿನಿಮಾಕ್ಕೆ ಕಡೆಯ ಸೀನು ಸಿಕ್ಕುತ್ತಿಲ್ಲ ಎಂದು ಅವರು ತಲೆ ಹಿಡಿದುಕೊಂಡರು. ನಾನು ಅವರನ್ನು ಸಮಾಧಾನ ಮಾಡಲು ಹೋಗಿ ಆ ಎಳೆಗಳ ಸಂಗತಿ ಹೇಳಿದೆ. ಅಪ್ಪ ಹಾಕಿದ್ದು ಹದಿನೆಂಟು ವರ್ಷದಿಂದ ಹೇಗೆ ಕಡಿಯದೆ ನಡೆದುಬಂದಿದೆ ಎಂಬುದು. ಅವ್ವ ಅದನ್ನು ಹೊರಗಿನವರಿಗೆ ಹೇಳುತ್ತಿರಲಿಲ್ಲ, ಮನೆಯ ಮಾತು. ಮಗ್ಗ ಬರಿದಾಗಬಾರದು ಎಂಬ ಷರತ್ತು ಅಣ್ಣನಿಗೆ ಗೊತ್ತಿತ್ತು, ಯಾಕೆಂಬುದು ಗೊತ್ತಿರಲಿಲ್ಲ. ನಾನು ಹೇಳಿದೆ. ಅವರು ಕೈಯಲ್ಲಿದ್ದ ಸಿಗರೇಟು ಕೆಳಗಿಟ್ಟು ನೋಟ್‌ಬುಕ್ ತೆಗೆದು ಬರೆದುಕೊಂಡರು. ನನ್ನ ಮಾತನ್ನು ಅವರು ಬರೆದುಕೊಂಡದ್ದು ಅದೇ ಮೊದಲು. ನನಗೆ ಆಕಾಶ ಮೂರೇ ಗೇಣು ಉಳಿಯಿತು.

ಎರಡು ದಿನ ಬಿಟ್ಟು ನನ್ನನ್ನು ಕರೆದರು. “ತಂಗೆವ್ವ, ಕಾಕುನ್ನ ಎರಡು ದಿನ ಎಲ್ಲೆರ ಕರಕೊಂಡು ಹೋಗು. ಒಂದು ಸೀನ್ ಐತಿ. ಅಕಿ ನೋಡಿದ್ರ ಸಂಕಟ ಪಡತಾಳ,” ಎಂದರು.

ಅಪ್ಪ ಸಾಯುವ ಸೀನಿರಬೇಕು ಎಂದುಕೊಂಡೆ. ಯಾವ ಸೀನು ಎಂದು ಕೇಳಲಿಲ್ಲ.

ಮುಂಡರಗಿಯಲ್ಲಿ ಅವ್ವನ ತಂಗಿ ಇದ್ದಳು. ಅವಳಿಗೆ ಮೈಯಲ್ಲಿ ಹುಷಾರಿಲ್ಲ, ನೋಡಿ ಬರೋಣ ಎಂದು ಅವ್ವನಿಗೆ ಸುಳ್ಳು ಹೇಳಿ ಬಸ್ಸು ಹತ್ತಿಸಿದೆ. ಹೋಗಿ ನೋಡಿದರೆ ಚಿಗವ್ವ ಗಟ್ಟಿಮುಟ್ಟಾಗಿ ಹಪ್ಪಳ ಒಣಗಿಸುತ್ತ ಕೂತಿದ್ದಳು. ಅವ್ವ ಬೈಯಲಿಲ್ಲ. ಮಗಳಿಗೆ ತಿರುಗಾಡುವ ಆಸೆಯಾಗಿದೆ ಎಂದು ನಕ್ಕಳು. ಅಕ್ಕತಂಗಿಯರಿಬ್ಬರೂ ಪೇಟೆಗೆ ಹೋಗಿ ಗಿರಮಿಟ್ಟು, ಮಿರ್ಚಿ ತಿಂದರು, ಸಣ್ಣವರಿದ್ದಾಗ ಹೊಳೆಯಲ್ಲಿ ಈಜಿದ್ದನ್ನು ನೆನೆದರು. ಅವ್ವ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದು, ಚಲೋ ಆತು ನೀ ಕರಕೊಂಡು ಬಂದಿದ್ದು ಎಂದಳು.

ಮನೆ ಮುಟ್ಟಿದಾಗ ಕಟ್ಟೆಯ ಮೇಲೆ ಬಣ್ಣದ ಚಾಚಾ ಕೂತಿದ್ದರು. ನಮ್ಮ ಓಣಿಯ ನೂಲಿಗೆಲ್ಲ ಬಣ್ಣ ಹಾಕುವವರು, ಅಪ್ಪನ ಗೆಳೆಯರು. ತಲೆಯ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ಸಿನಿಮಾದವರ ವ್ಯಾನುಗಳಿರಲಿಲ್ಲ. ಮುಂಜಾನೆಯೇ ಶಿರಹಟ್ಟಿಯ ಕಡೆ ಹೋದರಂತೆ. ಅವ್ವ ಒಳಗೆ ಹೋದಳು. ನಾನು ಅವಳ ಹಿಂದೆ.

ಮಗ್ಗ ಬರಿದಾಗಿತ್ತು. ನೇಯ್ದ ಅರ್ಧ ಸೀರೆ ಕುಣಿಯಲ್ಲಿ ಬಿದ್ದಿತ್ತು. ಹಣಿಗೆಯ ಹಲ್ಲುಗಳಲ್ಲಿ ಒಂದು ಎಳೆಯೂ ಇರಲಿಲ್ಲ. ಹಿಂದಿನ ದಾರದ ಕಣ್ಣುಗಳೆಲ್ಲ ಖಾಲಿ. ನೆಲದ ತುಂಬ ನೂಲಿನ ತುಂಡುಗಳು, ಅವುಗಳ ಮೇಲೆ ಬೂಟಿನ ಗುರುತುಗಳು.

ಚಾಚಾ ಬಾಗಿಲಲ್ಲಿ ನಿಂತು ಹೇಳಿದರು. ಸಿನಿಮಾದ ಹೆಂಗಸು ಸಿಟ್ಟಿಗೆದ್ದು ಹಾಸಿನ ನೂಲೆಲ್ಲ ಕತ್ತರಿಸಿ ಹಾಕುತ್ತಾಳಂತೆ, ಅದೇ ಕಡೆಯ ಸೀನು. ಆ ಹೆಣ್ಣುಮಗಳು ಒಲ್ಲೆ ಎಂದಳಂತೆ. ಅಣ್ಣ ಬಿಡಲಿಲ್ಲ, ಮೊದಲ ಸಲ ಅವಳು ಒಂದು ಹಿಡಿ ಎಳೆಯನ್ನಷ್ಟೇ ಕತ್ತರಿಸಿದಳು. ಸಾಲಲಿಲ್ಲ. ಮತ್ತೆ ಎಂದರು, ಮತ್ತೆ ಎಂದರು. ನಾಲ್ಕನೆಯ ಸಲಕ್ಕೆ ಎಲ್ಲ ಮುಗಿಯಿತು. ಆಮೇಲೆ ಜಗ್ಗಿ ಎಳೆದು ನೆಲಕ್ಕೆ ಸುರಿದರು.

“ಮುಂದ ಕತ್ತರಸ್ರಿ ಸಾಹೇಬ್ರ, ಹಿಂದ ಬ್ಯಾಡ್ರಿ, ಎಳಿ ಉಳೀಲಿ ಅಂತ ಕೈ ಮುಗದೆ ಅಕ್ಕಾ,” ಎಂದರು ಚಾಚಾ. “ಮುಂದ ಬೆಳಕಿಲ್ಲ ಅಂದ್ರು.”

ಅವ್ವ ಆ ಖಾಲಿ ಕಣ್ಣುಗಳ ಮೇಲೆ ಅಂಗೈ ಆಡಿಸಿದಳು. ಕುಣಿಯ ಅಂಚಿಗೆ ಕೂತಳು. ಚಾಚಾ ನನ್ನ ಕೈಗೆ ಒಂದು ಲಕೋಟೆ ಕೊಟ್ಟರು. ಅಣ್ಣನ ಪತ್ರ. ಮೂರು ಪುಟ. ಸೀನು ಎಷ್ಟು ಅದ್ಭುತವಾಗಿ ಬಂದಿದೆ, ಎರಡು ದಿನದಿಂದ ತಮಗೆ ಊಟ ಸೇರಿಲ್ಲ, ಕಲಾವಿದನ ಸಂಕಟ ಯಾರಿಗೂ ತಿಳಿಯುವುದಿಲ್ಲ, ಈ ಕತ್ತರಿ ಬಿದ್ದದ್ದು ನಿಜವಾಗಿ ತಮ್ಮ ಎದೆಗೆ. ಕಡೆಗೆ ಒಂದು ಸಾಲು: ಕಾಕುಗೆ ಇದಕ್ಕಿಂತ ಚಲೋ ಹೊಸ ನೂಲು ಕಳಿಸುತ್ತೇನೆ. ಹೋದದ್ದು ನೂಲಷ್ಟೇ ಎಂಬ ಹಾಗೆ, ಪುಣ್ಯಾತ್ಮರು. ಏನು ಹೋಯಿತೆಂದು ಗೊತ್ತಿದ್ದೂ ಹಾಗೆ ಬರೆದಿದ್ದರು. ನಾನೇ ಹೇಳಿದ್ದೆನಲ್ಲ.

ಬರಿದಾದ ಮಗ್ಗಕ್ಕೆ ಎಳೆ ತೂರಿಸಲು ಇಬ್ಬರು ಬೇಕು. ಒಬ್ಬರು ಹಿಂದೆ ಕೂತು ಒಂದೊಂದೇ ಎಳೆ ಆರಿಸಿ ಕೊಡಬೇಕು, ಇನ್ನೊಬ್ಬರು ಮುಂದೆ ಕೂತು ಕಣ್ಣಿನಲ್ಲಿ, ಹಲ್ಲಿನಲ್ಲಿ ಕೊಕ್ಕೆಯಿಂದ ಎಳೆದುಕೊಳ್ಳಬೇಕು. ಸಾವಿರಾರು ಎಳೆ. ನಾನು ಹಿಂದೆ, ಅವ್ವ ಮುಂದೆ. ನಡುವೆ ಮಗ್ಗ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ಬೆರಳು ಮಾತ್ರ ಕಾಣುತ್ತಿತ್ತು. ಏಳು ದಿನ ಹಿಡಿಯಿತು. ಎಂಟನೆಯ ದಿನ ಅವ್ವ ಲಾಳಿ ಒಗೆದಳು. ಸಪ್ಪಳ ಮೊದಲಿನ ಹಾಗೇ ಇತ್ತು. ಆದರೆ ಅಪ್ಪ ಹಾಕಿದ್ದು ನಡೆದಿದೆ ಎಂಬ ಮಾತನ್ನು ಅವಳು ಮತ್ತೆಂದೂ ಆಡಲಿಲ್ಲ.

ಸಿನಿಮಾ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ಗದಗಿನಲ್ಲಿ ಮುಂಜಾನೆಯ ಆಟ ಒಂದೇ ವಾರ ನಡೆಯಿತು. ಊರೂರಲ್ಲಿ ಹೊಗಳಿಕೆ ಬರುತ್ತಿತ್ತು, ಎಲ್ಲರೂ ಆ ಕಡೆಯ ಸೀನನ್ನೇ ಹೊಗಳುತ್ತಿದ್ದರು. ನಾನು ಬೇಡವೆಂದರೂ ಕೇಳದೆ ಅವ್ವ ತಾನೇ ಹೊರಟಳು. ಹಸಿರು ಅಂಚಿನ ಸೀರೆ ಉಟ್ಟು, ನನ್ನ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಳು. ತನ್ನ ಮಾತು ಮಾಸ್ತರನ ಬಾಯಲ್ಲಿ ಬಂದಾಗ ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಅವ್ವ ಅಲುಗಾಡಲಿಲ್ಲ.

ಕಡೆಯ ಸೀನು ಬಂತು. ಕತ್ತರಿ ಕಂಡಿತು. ನಾಲ್ಕು ಎಳೆ ಕಡಿದು ಬೀಳುವುದು ಕಂಡಿತು, ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲಿ ಪರದೆಯ ತುಂಬ ಮಾಸ್ತರನ ಮುಖ ಬಂತು. ಕನ್ನಡಕ, ಗಡ್ಡ, ಗಡ್ಡದ ಮೇಲೆ ಇಳಿಯುವ ಕಣ್ಣೀರು. ಆ ಮುಖ ಹೋಗಲೇ ಇಲ್ಲ. ವೀಣೆ ಬಾರಿಸಿದರು, ಕೊಳಲು ಊದಿದರು, ಮುಖ ಅಳುತ್ತಲೇ ಇತ್ತು. ಅವನ ಕಿವಿಯ ಹಿಂದೆ ಏನೋ ಮಸುಕು ಮಸುಕಾಗಿ ಅಲುಗುತ್ತಿತ್ತು.

“ಮಗ್ಗ ಎಲ್ಲೈತಿ?” ಅವ್ವ ಮೆಲ್ಲಗೆ ಕೇಳಿದಳು.

ಅವನ ಹಿಂದೆ ಇದೆ ಎಂದೆ.

“ಕಾಣವಲ್ದಲ್ಲ,” ಎಂದಳು.

ಕಾಣುತ್ತಿರಲಿಲ್ಲ. ನಾಲ್ಕು ಸಲ ಕತ್ತರಿ ಹಾಕಿಸಿ ತೆಗೆದ ಸೀನಿನಲ್ಲಿ ಮಗ್ಗವೇ ಕಾಣುತ್ತಿರಲಿಲ್ಲ. ನಮ್ಮ ಮಗ್ಗ ಬರಿದಾದದ್ದು ಒಂದು ಮುಖ ಅಳಲಿಕ್ಕೆ. ಅಷ್ಟಕ್ಕೆ ಒಂದು ಈರುಳ್ಳಿ ಸಾಕಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಈಗ ಬರೆಯುವಾಗಲೂ ಉರಿಯುತ್ತಿದೆ.

ಆಮೇಲೆ ಅವರು ಇನ್ನೂ ಮೂರು ಸಿನಿಮಾ ಮಾಡಿದರು. ನಾನು ಬಿಡದೆ ಎಲ್ಲವನ್ನೂ ನೋಡಿದೆ, ನೋವಿರುವ ಹಲ್ಲನ್ನೇ ನಾಲಿಗೆ ಮುಟ್ಟುವ ಹಾಗೆ. ಒಂದರಲ್ಲಿ ಲಕ್ಷ್ಮೇಶ್ವರದ ಕಡೆಯ ಕುರಿ ಕಾಯುವವನಿದ್ದ. ಅವನೂ ಕಂಬಳಿಯನ್ನು ಅಣ್ಣನ ಶಾಲಿನ ಹಾಗೆ ಹೊದ್ದು, ದೂರ ನೋಡಿ ಉಸಿರು ಬಿಡುತ್ತಿದ್ದ. ಇನ್ನೊಂದು ತಾಯಿಯ ಸಾವಿನ ಕಥೆ. ಸಾಯುವ ತಾಯಿ ಕಡೆಯ ಉಸಿರಿನವರೆಗೂ ಮಗನ ಮನಸ್ಸಿನ ದುಃಖ ಏನೆಂದೇ ವಿಚಾರಿಸುತ್ತಿದ್ದಳು. ತನಗೆ ನೀರು ಬೇಕೆಂದು ಕೂಡ ಕೇಳಲಿಲ್ಲ ಪಾಪ. ಕೆಲಸ ಬರುತ್ತಿರಲಿಲ್ಲ ಎಂದಲ್ಲ. ನಮ್ಮ ಓಣಿಯ ಮುಂಜಾನೆಯ ಬಿಸಿಲನ್ನು ಅವರಷ್ಟು ಚೆನ್ನಾಗಿ ಯಾರೂ ತೆಗೆದಿಲ್ಲ, ಅದು ಖರೆ. ಆದರೆ ಎದುರಿಗಿದ್ದವರನ್ನು ನೋಡುತ್ತ ನೋಡುತ್ತ ಅವರಿಗೆ ತಾವೇ ಕಾಣಲು ಶುರುವಾಗುತ್ತಿತ್ತು. ಮನುಷ್ಯ ಹೇಗೋ ಅವನ ಸಿನಿಮಾನೂ ಹಾಗೇ. ಬೇರೆಯವರ ಮನೆಗೆ ಹೋಗಿಯೂ ಕನ್ನಡಿ ಎಲ್ಲಿದೆ ಎಂದು ಹುಡುಕುವವನು ಏನು ಸಿನಿಮಾ ಮಾಡಿದರೇನು?

ಎಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದರು. ನನಗೆ ಆಗ ಮುಂಡರಗಿಗೆ ಮದುವೆಯಾಗಿತ್ತು, ತವರಿಗೆ ಬಂದಿದ್ದೆ. ನಾನು ಒಳಗೆ ಹೋಗಿ ಕೂತೆ, ಮುಖ ನೋಡಲಿಲ್ಲ. ಅವ್ವ ಕುಣಿಯಲ್ಲಿದ್ದಳು. ಬಾ ತಮ್ಮಾ, ಕುಂಡ್ರು ಎಂದು ಚಾಪೆ ತೋರಿಸಿದಳು. ಅವರು ತಮ್ಮ ಪ್ರವಾಸ, ಸನ್ಮಾನ, ಹೊಟ್ಟೆನೋವು ಎಲ್ಲ ಹೇಳಿದರು. ಮಗ್ಗದ ಕಡೆ ನೋಡಿದರೋ ಇಲ್ಲವೋ ತಿಳಿಯದು, ಆ ಬಗ್ಗೆ ಒಂದು ಮಾತು ಬರಲಿಲ್ಲ. ಕಡೆಗೆ, ಕಾಕು ಸಿನಿಮಾ ನೋಡಿದಿರಂತೆ, ಹೇಗಿತ್ತು ಎಂದು ಕೇಳಿದರು.

“ಅದರಾಗ ನೀ ಚಲೋ ಕಾಣತಿದ್ದಿ, ತಮ್ಮಾ,” ಎಂದಳು ಅವ್ವ.

ಅವರು ನಕ್ಕರು. “ನಾ ಎಲ್ಲಿದ್ದೆ ಕಾಕು ಅದರಾಗ? ನಾ ಕ್ಯಾಮೆರಾದ ಹಿಂದಿದ್ದೆ.”

“ಹೌದ? ಮತ್ತ ನೀ ಬಿಟ್ಟು ಯಾರಿದ್ರು?” ಎಂದು ಅವ್ವ ಲಾಳಿ ಒಗೆದಳು.

ಒಳಗೆ ಕೂತ ನನಗೆ ಎದೆ ತಣ್ಣಗಾಯಿತು. ಆದರೆ ಆ ಮನುಷ್ಯನಿಗೆ ಅದು ತಾಗಲೇ ಇಲ್ಲ. ಹೊಗಳಿದಳೆಂದು ತಿಳಿದು ಚಹ ಕುಡಿದು ಹೋದರು. ನಾನು ಅವರನ್ನು ಮತ್ತೆ ನೋಡಲಿಲ್ಲ. ಪಂಚಮಿಗೆ ಉಂಡಿ ಕಟ್ಟುವಾಗ ಪ್ರತಿ ವರ್ಷ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಅಣ್ಣ ಎಂದು ಕರೆಯಲು ನನಗೆ ಬೇರೆ ಯಾರೂ ಸಿಗಲಿಲ್ಲ. ಸಿಟ್ಟಿನ ಜೊತೆಗೇ ಅದೂ ಒಂದು ನಷ್ಟ.

ಅವ್ವ ಹೋಗಿ ಬಹಳ ವರ್ಷವಾಯಿತು. ಮಗ್ಗವನ್ನು ಚಾಚಾನ ಮಗ ಒಯ್ದ. ಎರಡು ವರ್ಷದ ಕೆಳಗೆ ಅಣ್ಣನೂ ತೀರಿಕೊಂಡರು. ಅವರ ತಾಯಿ ಕುಣಿಯಲ್ಲಿ ಕೂತು ನೇಯ್ದು ಮಗನನ್ನು ಸಾಕಿದರು ಎಂದು ಪತ್ರಿಕೆಯಲ್ಲಿ ಯಾರೋ ಬರೆದಿದ್ದರು. ಅವರೇ ಹಾಗೆ ಹೇಳಿಕೊಳ್ಳುತ್ತಿದ್ದರಂತೆ. ಹತ್ತಿ ವ್ಯಾಪಾರಿಯ ಹೆಂಡತಿ, ಆ ಸಾಹುಕಾರ್ತಿ ಜೀವನದಲ್ಲಿ ಲಾಳಿ ಮುಟ್ಟಿದವರಲ್ಲ. ಮಾತು ಆಯಿತು, ಮಗ್ಗ ಆಯಿತು, ಕಡೆಗೆ ಅವ್ವನನ್ನೇ ತೆಗೆದುಕೊಂಡಿದ್ದರು.

ಗದಗಿನಲ್ಲಿ ಅವರ ನೆನಪಿಗೆ ಸಭೆ ಮಾಡಿದಾಗ ನನ್ನನ್ನು ತಂಗಿ ಎಂದು ವೇದಿಕೆಗೆ ಕರೆದರು. ಹೋದೆ. ಎಲ್ಲವನ್ನೂ ಹೇಳಿದೆ. ಷರತ್ತು, ಕತ್ತರಿ, ಮುಂದೆ ಬೆಳಕಿಲ್ಲ ಎಂದದ್ದು, ಏಳು ದಿನ ಎಳೆ ತೂರಿಸಿದ್ದು. ಹೆಂಗಸರು ಕಣ್ಣೊರೆಸಿಕೊಂಡರು. ಹೇಳುವಾಗ ನಾನೂ ಅತ್ತೆ. ಎಷ್ಟು ಅನ್ಯಾಯ ಆಯ್ತಲ್ರಿ ನಿಮಗ ಎಂದು ಒಬ್ಬಳು ನನ್ನ ಕೈ ಹಿಡಿದುಕೊಂಡಳು. ನಿಮಗೆ ಎಂದಳು. ನಾನು ಹೌದೆಂದು ತಲೆಯಾಡಿಸಿದೆ. ಮುಂಡರಗಿಯ ಬಸ್ಸು ಕಪ್ಪತಗುಡ್ಡದ ಕಡೆ ತಿರುಗಿದಾಗ ಆ ಮಾತು ನೆನಪಾಗಿ, ಅವಳು ಹಿಡಿದಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

ನಲವತ್ತು ವರ್ಷದಿಂದ ಈ ಕಥೆಯನ್ನು ನಾನು ಎಷ್ಟೋ ಮಂದಿಗೆ ಹೇಳಿದ್ದೇನೆ. ಪ್ರತಿ ಸಲವೂ ಕಡೆಗೆ ಅಳುವ ಮುಖ ನನ್ನದೇ. ಒಂದು ಸಂಗತಿಯನ್ನು ಮಾತ್ರ ಯಾರಿಗೂ ಹೇಳಿಲ್ಲ. ಮೇಲೆ ನಿಮಗೂ ಹೇಳದೆ ದಾಟಿಸಿಬಿಟ್ಟೆ.

ಎಳೆ ತೂರಿಸುವ ಮೂರನೆಯ ದಿನ ಅದು. ಮಧ್ಯಾಹ್ನ. ಅವ್ವ ಮಗ್ಗದ ಆ ಕಡೆಯಿಂದ, ಬೆರಳು ನಿಲ್ಲಿಸದೆ ಕೇಳಿದಳು.

“ನಿನಗ ಗೊತ್ತಿತ್ತೇನ?”

“ಇಲ್ಲವ್ವಾ,” ಎಂದೆ.

ಅವರ ನೋಟ್‌ಬುಕ್ಕಿನಲ್ಲಿ ನಾನು ಹೇಳಿದ್ದನ್ನು ಬರೆದುಕೊಂಡಿದ್ದರು. ಎರಡೇ ದಿನಕ್ಕೆ ಅವ್ವನನ್ನು ಊರು ಬಿಡಿಸು ಎಂದಿದ್ದರು. ಅಪ್ಪ ಸಾಯುವ ಸೀನನ್ನು ಮೊದಲ ವಾರವೇ ತೆಗೆದು ಮುಗಿಸಿದ್ದರು, ನಾನೇ ಅಲ್ಲಿ ನಿಂತು ನೋಡಿದ್ದೆ. ಇಷ್ಟಿದ್ದೂ ನಾನು ಕೇಳಲಿಲ್ಲ. ಕೇಳಿದರೆ ತಿಳಿಯುತ್ತಿತ್ತು, ತಿಳಿದರೆ ಬೇಡವೆನ್ನಬೇಕಾಗುತ್ತಿತ್ತು, ಬೇಡವೆಂದರೆ ಅಷ್ಟು ದೊಡ್ಡ ಮನುಷ್ಯ ನನ್ನ ಮಾತನ್ನು ಬರೆದುಕೊಂಡದ್ದು ಅಲ್ಲಿಗೇ ಮುಗಿಯುತ್ತಿತ್ತು.

ಇಲ್ಲವ್ವಾ ಎಂದ ಮೇಲೆ ಅವ್ವನ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಮುಂದಿನ ಎಳೆಗೆಂದು ಕೈ ಚಾಚಿದಳು. ನಾನು ಕೊಟ್ಟೆ. ಮತ್ತೆ ಅವಳು ಆ ಮಾತು ಎತ್ತಲಿಲ್ಲ, ಸಾಯುವವರೆಗೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಗೊತ್ತಿತ್ತವ್ವಾ. ಈಗ ಹೇಳಬಲ್ಲೆ. ಕೇಳಿದಾಕಿ ಇಲ್ಲ.